ಕಿರ್ದಿಯಲ್ಲಿ ರಬ್ಬರಿಗೆ ಜಾಗವಿಲ್ಲ

(ರಾಯಚೂರಿನಲ್ಲಿ, ಅಂಗಡಿ-ಗಿರಣಿಗಳಿಗೆ ಸಾಫ್ಟ್‌ವೇರ್ ಬರೆಯುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ)

ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ರೈತರ ಮಾಲು ಮಾರಿಸಿಕೊಡುವ ಯಾವುದಾದರೂ ಹಳೇ ಅಡತಿ ಅಂಗಡಿಗೆ ಹೋಗಿ, ಗುಮಾಸ್ತರಿಗೆ ಹೇಳಿ ಇಪ್ಪತ್ತು ವರ್ಷ ಹಿಂದಿನ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ತೆಗೆಸಿ ನೋಡಿ. ಕೆಂಪು ಬಟ್ಟೆಯ ರಟ್ಟು, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಅದರಲ್ಲಿ ತಪ್ಪುಗಳು ಬೇಕಾದಷ್ಟು ಸಿಗುತ್ತವೆ. ಅಳಿಸಿದ ಗುರುತು ಮಾತ್ರ ಸಿಗುವುದಿಲ್ಲ. ಅಂಕಿ ತಪ್ಪಿದರೆ ಅದರ ಮೇಲೆ ಒಂದೇ ಗೆರೆ, ಕೆಳಗಿನ ಅಂಕಿ ಓದಲು ಬರುವ ಹಾಗೆ. ತಪ್ಪು ಗೊತ್ತಾಗುವ ಹೊತ್ತಿಗೆ ದಿನ ದಾಟಿದ್ದರೆ ಆ ಗೆರೆಯೂ ಇಲ್ಲ. ಗೊತ್ತಾದ ದಿನ ಎದುರು ಬದಿಯಲ್ಲಿ ಅಷ್ಟೇ ಮೊತ್ತ ಬರೆದು, ಯಾಕೆ ಅಂತ ಒಂದು ಮಾತು ಸೇರಿಸಿ ಸರಿಮಾಡಿರುತ್ತಾರೆ. ಪುಟಗಳಿಗೆ ನಂಬರ್ ಇರುತ್ತದೆ, ಹಾಗಾಗಿ ಹಾಳೆ ಹರಿಯುವ ಹಾಗೂ ಇಲ್ಲ.

ಆ ಗುಮಾಸ್ತರು ಕಂಪ್ಯೂಟರ್ ಕಂಡವರಲ್ಲ. ಆದರೆ ನಾವು ದಿನಾ ಬಳಸುವ ಹತ್ಯಾರಗಳು, ಕೋಡಿನ ಪ್ರತಿ ಬದಲಾವಣೆಯನ್ನು ಬರೆದಿಡುವ ಗಿಟ್ ಇರಲಿ, ಡೇಟಾಬೇಸ್ ಇರಲಿ, ಬ್ಯಾಕಪ್ ಇರಲಿ, ಎಲ್ಲ ಅವರ ಆ ನಿಯಮದ ಮೇಲೇ ನಿಂತಿವೆ. ತಪ್ಪು ಆಗೇ ಆಗುತ್ತದೆ. ಆದಾಗ ಹಿಂದಕ್ಕೆ ಬರಲು ದಾರಿ ಇದೆಯೋ ಇಲ್ಲವೋ ಅನ್ನುವುದು ನಮ್ಮ ಕೈಯಲ್ಲಿದೆ.

ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದಲೇ ಶುರು ಮಾಡೋಣ, ನಿಮ್ಮಲ್ಲಿ ಹೆಚ್ಚಿನವರು ಬರೆಯುವುದು ಅದನ್ನೇ. ಅಂಗಡಿಗೆ ಹಾಕಿಕೊಟ್ಟ ಎರಡನೇ ದಿನಕ್ಕೆ ಮಾಲೀಕರು ಕೇಳುವುದು ಒಂದೇ ಪ್ರಶ್ನೆ: "ತಮ್ಮಾ, ಇದರಾಗ ಅಳಸೋ ಬಟನ್ ಎಲ್ಲೈತಿ?" ಅದಕ್ಕೆ ಉತ್ತರ: "ಅಳಸಂಗಿಲ್ರಿ ಸಾವ್ಕಾರ್ರ, ತಿರುಗಿ ಬರೀಬೇಕ್ರಿ." ಅವರಿಗೆ ಇದು ಕೂಡಲೇ ಅರ್ಥವಾಗುತ್ತದೆ, ಯಾಕಂದರೆ ಅವರ ಅಪ್ಪ ಕಲಿಸಿದ್ದೂ ಅದೇ. ಅರ್ಥವಾಗದೆ ಇರುವುದು ನಮಗೆ. ಕಾಲೇಜಿನಲ್ಲಿ ಕಲಿತ ಮೊದಲ ಪ್ರಾಜೆಕ್ಟಿನಲ್ಲೇ ಸೇರಿಸು, ಓದು, ತಿದ್ದು, ಅಳಿಸು ಅಂತ ನಾಲ್ಕು ಬಟನ್ ಇಟ್ಟಿರುತ್ತೇವೆ. ಅದೇ ಅಭ್ಯಾಸ ಅಂಗಡಿಗೂ ಬರುತ್ತದೆ.

ಏನಾಗುತ್ತದೆ ನೋಡಿ. ಸೋಮವಾರ ಒಬ್ಬ ರೈತರ ಹತ್ತಿ ತೂಕವಾಗಿ ಪಟ್ಟಿ, ಅಂದರೆ ಬಿಲ್, ಮುದ್ರಣ ಆಯಿತು, ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದರು. ಬುಧವಾರ ಅಂಗಡಿಯಲ್ಲಿ ಯಾರೋ ಹಮಾಲಿ ಕೂಲಿ ಬಿಟ್ಟುಹೋಗಿದೆ ಅಂತ ಅದೇ ಬಿಲ್ ತೆರೆದು ತಿದ್ದಿದರು. ಶುಕ್ರವಾರ ರೈತರು ದುಡ್ಡಿಗೆ ಬಂದರೆ ಅವರ ಕಾಗದದಲ್ಲಿ ಒಂದು ಮೊತ್ತ, ಪರದೆಯಲ್ಲಿ ಇನ್ನೊಂದು. ಯಾವುದು ಸರಿ, ಯಾರು ತಿದ್ದಿದರು, ಯಾಕೆ? ಕಂಪ್ಯೂಟರಿಗೆ ಗೊತ್ತಿಲ್ಲ, ಯಾಕಂದರೆ ಹಳೆಯ ಅಂಕಿಯ ಮೇಲೆ ಹೊಸದನ್ನು ಬರೆದುಬಿಟ್ಟಿದೆ. ಜಗಳ ಶುರುವಾಗುವುದು ಅಲ್ಲಿ, ಹಮಾಲಿಯ ನಲವತ್ತು ರೂಪಾಯಿಗಲ್ಲ.

ಹಾಗಾಗಿ ಮುದ್ರಣವಾದ ಬಿಲ್ಲಿನ ಸಾಲನ್ನು ಮತ್ತೆ ಮುಟ್ಟಬೇಡಿ. ರದ್ದಾದರೆ ಅದೇ ನಂಬರಿನಲ್ಲಿ ರದ್ದು ಅಂತ ಗುರುತು ಹಾಕಿ ಉಳಿಸಿ. 412 ಆದ ಮೇಲೆ 414 ಬಂದರೆ ಲೆಕ್ಕ ನೋಡುವವರು 413 ಎಲ್ಲಿ ಅಂತ ಕೇಳೇ ಕೇಳುತ್ತಾರೆ. ತಿದ್ದಬೇಕಾದರೆ ಹಳೆಯದರ ಪೂರ್ತಿ ಮೊತ್ತಕ್ಕೆ ಎದುರು ನಮೂದು ಹಾಕಿ, ಹೊಸ ಬಿಲ್ ಮಾಡಿ, ಎರಡಕ್ಕೂ ಕೊಂಡಿ ಇಡಿ. ಯಾರು, ಯಾವಾಗ, ಯಾಕೆ: ಈ ಮೂರು ಕಾಲಂ ಖಾಲಿ ಬಿಡಲು ಬರಬಾರದು. ಕಂಪನಿಗಳ ಮಟ್ಟಿಗೆ ಇದು ಕಾನೂನೇ ಆಗಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ಬದಲಾವಣೆಯ ಜಾಡನ್ನು ಇಡಬೇಕು, ಆ ಜಾಡನ್ನು ನಿಲ್ಲಿಸಲು ಬರಬಾರದು. ಒಬ್ಬರೇ ನಡೆಸುವ ಅಂಗಡಿಗೆ ಈ ನಿಯಮ ಅನ್ವಯಿಸುವುದಿಲ್ಲ, ಆದರೆ ನೀವು ಬರೆಯುವ ಪ್ರೋಗ್ರಾಂ ನಾಳೆ ಯಾರ ಮೇಜಿಗೆ ಹೋಗುತ್ತದೋ ಯಾರಿಗೆ ಗೊತ್ತು.

ಬಾಕಿ ಮೊತ್ತದ ವಿಷಯವೂ ಇಲ್ಲೇ ಬರುತ್ತದೆ. ಖಾತೆಯ ಟೇಬಲ್ಲಿನಲ್ಲಿ 'ಬಾಕಿ' ಅಂತ ಒಂದು ಕಾಲಂ ಇಟ್ಟು, ಪ್ರತಿ ಬಿಲ್ಲಿಗೂ ಅದನ್ನು ಕೂಡುತ್ತ ಕಳೆಯುತ್ತ ಹೋಗುವುದು ಸುಲಭ. ನಡುವೆ ಎಲ್ಲೋ ಒಮ್ಮೆ ಕರೆಂಟ್ ಹೋಗಿ ಬಿಲ್ ಉಳಿದು ಬಾಕಿ ಬದಲಾಗದೆ ಹೋದರೆ, ಆ ವ್ಯತ್ಯಾಸ ಹಾಗೇ ಉಳಿಯುತ್ತದೆ; ಯಾವ ದಿನದ್ದು ಅಂತ ಹುಡುಕಲೂ ಬರುವುದಿಲ್ಲ. ಬಾಕಿಯನ್ನು ನಮೂದುಗಳಿಂದಲೇ ಕೂಡಿ ತೆಗೆಯಿರಿ. ಒಂದು ಅಂಗಡಿಯ ವರ್ಷದ ನಮೂದುಗಳನ್ನು ಕೂಡಲು ಇವತ್ತಿನ ಯಂತ್ರಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ವೇಗ ಬೇಕೇ ಬೇಕು ಅಂದರೆ ಕಾಲಂ ಇಡಿ, ಆದರೆ ಬಿಲ್ಲು ಮತ್ತು ಬಾಕಿ ಎರಡೂ ಒಂದೇ ಟ್ರಾನ್ಸಾಕ್ಷನ್ ಒಳಗಿರಲಿ, ಅಂದರೆ ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು, ಮತ್ತು ದಿನಾ ಅಂಗಡಿ ಮುಚ್ಚುವಾಗ ಕೂಡಿ ತಾಳೆ ನೋಡುವ ಕೆಲಸವನ್ನು ಪ್ರೋಗ್ರಾಮಿಗೇ ವಹಿಸಿ.

ಇನ್ನೊಂದು ಸಣ್ಣದು. ಯಂತ್ರ ನಿಧಾನ ಇದ್ದಾಗ ಜನ 'ಉಳಿಸು' ಬಟನ್ನನ್ನು ಎರಡು ಸಲ ಒತ್ತುತ್ತಾರೆ, ಬಿಲ್ಲೂ ಎರಡಾಗುತ್ತದೆ. ಬಟನ್ನನ್ನು ಮಸುಕು ಮಾಡಿದರೆ ಅರ್ಧ ಪರಿಹಾರ ಅಷ್ಟೇ. ಫಾರ್ಮ್ ತೆರೆದಾಗಲೇ ಅದಕ್ಕೊಂದು ಟೋಕನ್, ಅಂದರೆ ಅದೊಂದಕ್ಕೇ ಸೇರಿದ ಗುರುತು, ಕೊಟ್ಟು, ಆ ಟೋಕನ್ ಎರಡನೇ ಸಲ ಬಂದರೆ ಡೇಟಾಬೇಸೇ ಬೇಡ ಅನ್ನುವ ಹಾಗೆ ಯುನಿಕ್ ಮಾಡಿ.

ಈಗ ದುಡ್ಡು. 23 ಕ್ವಿಂಟಲ್ 46 ಕಿಲೋ 500 ಗ್ರಾಂ ಹತ್ತಿ, ಕ್ವಿಂಟಲಿಗೆ 7,215 ರೂಪಾಯಿ ದರ ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ಗುಣಿಸಿದರೆ 1,69,299.975. ನೋಡ್ರಿ, ಅರ್ಧ ಪೈಸೆ ಬಂತು. ಇದನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶವನ್ನು ಅಂದಾಜಾಗಿ ಹಿಡಿದಿಡುವ ಬಗೆಯಲ್ಲಿ, ಇಟ್ಟರೆ ಆ ಕೊನೆಯ ಅರ್ಧ ಎತ್ತ ವಾಲುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಗೆ 2.675 ಅನ್ನು ಎರಡು ದಶಮಾಂಶಕ್ಕೆ ದುಂಡು ಮಾಡು ಅನ್ನಿ, 2.67 ಕೊಡುತ್ತದೆ, 2.68 ಅಲ್ಲ. ಇನ್ನೊಂದು ಭಾಷೆ ಜಾವಾಸ್ಕ್ರಿಪ್ಟ್ 0.1ಕ್ಕೆ 0.2 ಕೂಡಿದರೆ 0.30000000000000004 ಅನ್ನುತ್ತದೆ. ಇದರಲ್ಲಿ ಯಂತ್ರದ ತಪ್ಪಿಲ್ಲ. ಮೂರರಲ್ಲಿ ಒಂದು ಭಾಗವನ್ನು ನಾವು 0.333 ಅಂತ ಎಷ್ಟು ಬರೆದರೂ ಹೇಗೆ ಮುಗಿಯುವುದಿಲ್ಲವೋ, ಹಾಗೇ ಹತ್ತರಲ್ಲಿ ಒಂದು ಭಾಗ 0 ಮತ್ತು 1 ಮಾತ್ರ ಇರುವ ಯಂತ್ರದ ಲೆಕ್ಕದಲ್ಲಿ ಮುಗಿಯುವುದಿಲ್ಲ. ಯಂತ್ರ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಪೂರ್ಣಾಂಕಕ್ಕೆ ಬನ್ನಿ. ತೂಕ ಗ್ರಾಂನಲ್ಲಿ: 23,46,500. ದರ ಪೈಸೆಯಲ್ಲಿ: 7,21,500. ಎರಡನ್ನೂ ಗುಣಿಸಿ, ಕ್ವಿಂಟಲಿನಲ್ಲಿರುವ ಗ್ರಾಂ 1,00,000ರಿಂದ ಭಾಗಿಸಿದರೆ 1,69,29,997 ಪೈಸೆ, ಶೇಷ ಅರ್ಧ. ಆ ಅರ್ಧವನ್ನು ಏನು ಮಾಡಬೇಕು ಅಂತ ಈಗ ನೀವು ಹೇಳುತ್ತೀರಿ, ಅದೂ ಒಂದೇ ಕಡೆ, ಒಂದೇ ಫಂಕ್ಷನ್ನಿನಲ್ಲಿ. ಚೀಲಕ್ಕೊಂದು ಸಲ ದುಂಡು ಮಾಡುತ್ತೀರೋ ಒಟ್ಟಿಗೆ ಒಂದು ಸಲವೋ ಅನ್ನುವುದೂ ತೀರ್ಮಾನ ಆಗಿರಲಿ. 47 ಚೀಲವನ್ನು ಒಂದೊಂದಾಗಿ ದುಂಡು ಮಾಡಿದರೆ ಒಟ್ಟಿನಲ್ಲಿ 23 ಪೈಸೆಯವರೆಗೂ ಆಚೀಚೆ ಆಗಬಹುದು. 23 ಪೈಸೆಗೆ ಯಾರೂ ಅಳುವುದಿಲ್ಲ. ಆದರೆ ತಾಳೆ ಬೀಳದ ಕಿರ್ದಿ ಮುಂದೆ ಇಟ್ಟುಕೊಂಡು ಗುಮಾಸ್ತರು ರಾತ್ರಿ ಒಂಬತ್ತರವರೆಗೆ ಕೂತಿರುತ್ತಾರೆ.

ಪೈಸೆಯಲ್ಲಿ ಇಟ್ಟವರಿಗೂ ಒಂದು ಗುಂಡಿ ಇದೆ. 32 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವುದು 214,74,83,647ರವರೆಗೆ ಮಾತ್ರ. ರೂಪಾಯಿ ಲೆಕ್ಕದಲ್ಲಿ 2 ಕೋಟಿ 14 ಲಕ್ಷ ಚಿಲ್ಲರೆ. ಪರೀಕ್ಷೆ ಮಾಡುವಾಗ ನೂರು, ಇನ್ನೂರು ರೂಪಾಯಿಯ ಬಿಲ್ ಹಾಕಿ ಎಲ್ಲ ಸರಿ ಇದೆ ಅಂತ ಬರುತ್ತೀರಿ. ಹಂಗಾಮಿನಲ್ಲಿ ಅಂಗಡಿಯ ಒಟ್ಟು ವಹಿವಾಟು ಆ ಗಡಿ ದಾಟಿದ ದಿನ ಮೊತ್ತ ಮೈನಸ್ ತೋರಿಸುತ್ತದೆ. ಮೇಲಿನ ಗುಣಾಕಾರವಂತೂ ಒಂದೇ ಬಿಲ್ಲಿಗೆ ಆ ಗಡಿಯನ್ನು ಎಷ್ಟೋ ಪಟ್ಟು ಮೀರುತ್ತದೆ. 64 ಬಿಟ್ ಬಳಸಿ, ಮರೆತುಬಿಡಿ.

ಕರೆಂಟಿನ ಮಾತಿಗೆ ಬರೋಣ. ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗುತ್ತಿದೆ, ಎಂಟು ಘಟಕ ಸೇರಿ 1,720 ಮೆಗಾವಾಟ್. ಹದಿನೈದು-ಇಪ್ಪತ್ತು ಕಿಲೋಮೀಟರ್ ಈಚೆಗೆ ಬಿಲ್ ಹೊಡೆಯುತ್ತಿರುವಾಗ ಹೋಗುತ್ತದೆ. ಇರಲಿ, ಕರೆಂಟ್ ಹೋಗೇ ಹೋಗುತ್ತದೆ ಅಂತಲೇ ತಿಳಿದು ನಮ್ಮ ಪ್ರೋಗ್ರಾಂ ನಡೆಯಬೇಕು.

ಒಂದು ಕಂಪ್ಯೂಟರಿಗೆ 600 ವಿಎ ಯುಪಿಎಸ್ ಹೊಸದರಲ್ಲಿ ಹತ್ತು-ಹದಿನೈದು ನಿಮಿಷ ಕೊಡುತ್ತದೆ. ಒಳಗಿರುವುದು ಪುಟ್ಟ ಸೀಸದ ಬ್ಯಾಟರಿ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಎಂಟು-ಹತ್ತು ಡಿಗ್ರಿಗೆ ಅದರ ಆಯುಷ್ಯ ಸುಮಾರು ಅರ್ಧ ಆಗುತ್ತ ಹೋಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ, ತಗಡಿನ ಮಾಡಿನ ಅಂಗಡಿಯಲ್ಲಿ ಅದರ ಗತಿ ಏನು ಅಂತ ನೀವೇ ಲೆಕ್ಕ ಹಾಕಿ. ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತಲ್ಲ. ತಿಂಗಳಿಗೊಮ್ಮೆ, ಎಲ್ಲ ಕೆಲಸ ಉಳಿಸಿದ ಮೇಲೆ, ಗೋಡೆಯ ಸ್ವಿಚ್ ಆರಿಸಿ ಐದು ನಿಮಿಷ ನಿಂತು ನೋಡಿ. ಲೇಸರ್ ಪ್ರಿಂಟರ್ ಮಾತ್ರ ಅದಕ್ಕೆ ಸಿಕ್ಕಿಸಬೇಡಿ. ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಕೂಗಿ ಮಲಗಿಬಿಡುತ್ತದೆ, ಜೊತೆಗೆ ಕಂಪ್ಯೂಟರನ್ನೂ ಮಲಗಿಸುತ್ತದೆ.

ಸಣ್ಣ ಅಂಗಡಿಗೆ ಎಸ್‌ಕ್ಯೂಲೈಟ್ ಅನ್ನುವ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುವ ಡೇಟಾಬೇಸ್ ಬಹಳ ಒಳ್ಳೆಯ ಆಯ್ಕೆ. ಕರೆಂಟ್ ಹೋದರೂ ಅರ್ಧ ಬರೆದ ನಮೂದನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಅದರ ಬ್ಯಾಕಪ್ ವಿಷಯದಲ್ಲಿ ಜನ ಎಡವುವ ಒಂದು ಜಾಗ ಇದೆ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ವೇಗಕ್ಕಾಗಿ ನಮ್ಮಲ್ಲಿ ಅನೇಕರು ಅದನ್ನು 'ವಾಲ್' ಮೋಡಿಗೆ ಹಾಕುತ್ತೇವೆ. ಆಗ ಹೊಸ ನಮೂದು ನೇರವಾಗಿ ಮುಖ್ಯ ಫೈಲಿಗೆ ಹೋಗುವುದಿಲ್ಲ. ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ 'ವಾಲ್' ಅಂತಿರುವ ಇನ್ನೊಂದು ಫೈಲಿಗೆ ಸಾಲಾಗಿ ಸೇರುತ್ತ ಹೋಗುತ್ತದೆ. ಅದು ಸುಮಾರು ಸಾವಿರ ಪುಟ, ಅಂದರೆ ನಾಲ್ಕು ಎಂಬಿ ಆದಾಗ ಮುಖ್ಯ ಫೈಲಿಗೆ ಇಳಿಸುತ್ತದೆ, ಇಲ್ಲವೇ ಪ್ರೋಗ್ರಾಂ ಸರಿಯಾಗಿ ಮುಚ್ಚಿದಾಗ. ಇದೂ ಕಿರ್ದಿಯಿಂದ ಖಾತೆಗೆ ಇಳಿಸುವ ಕೆಲಸವೇ, ಗುಮಾಸ್ತರನ್ನು ಕೇಳಿದರೆ ಹೇಳುತ್ತಾರೆ. ಸಣ್ಣ ಅಂಗಡಿಯ ಇಡೀ ದಿನದ ವ್ಯಾಪಾರ ನಾಲ್ಕು ಎಂಬಿ ಮುಟ್ಟದೆ ಇರಬಹುದು. ಈಗ ಸಂಜೆ ಏಳಕ್ಕೆ, ಪ್ರೋಗ್ರಾಂ ತೆರೆದೇ ಇರುವಾಗ, ಹುಡುಗ ಬಂದು ಮುಖ್ಯ ಫೈಲನ್ನಷ್ಟೇ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಹೋಗುತ್ತಾನೆ. ನಕಲು ಸರಿಯಾಗೇ ಆಗುತ್ತದೆ, ಯಾವ ಎರರ್ರೂ ಇಲ್ಲ. ಅದರಲ್ಲಿ ಇವತ್ತಿನ ವ್ಯಾಪಾರ ಮಾತ್ರ ಇಲ್ಲದಿರಬಹುದು.

ಇದಕ್ಕೆ ಎಸ್‌ಕ್ಯೂಲೈಟಿನಲ್ಲೇ 'ಬ್ಯಾಕಪ್' ಆಜ್ಞೆ ಇದೆ, 'ವ್ಯಾಕ್ಯೂಮ್ ಇಂಟು' ಕೂಡ ಇದೆ. ಪ್ರೋಗ್ರಾಂ ನಡೆಯುತ್ತಿದ್ದರೂ ಇವು ಪೂರ್ತಿ ನಕಲು ಕೊಡುತ್ತವೆ. ನಿಮ್ಮ ಪ್ರೋಗ್ರಾಮಿನಲ್ಲೇ ಒಂದು ಬಟನ್ ಇಟ್ಟು ಅದರ ಹಿಂದೆ ಈ ಆಜ್ಞೆ ಕೂಡಿಸಿ, ನಕಲಾದ ಫೈಲಿನ ಮೇಲೆ, ಅದು ಕೆಟ್ಟಿಲ್ಲ ಅಂತ ನೋಡುವ 'ಇಂಟಿಗ್ರಿಟಿ ಚೆಕ್' ಓಡಿಸಿ, 'ಓಕೆ' ಅಂತ ಬಂದರೆ ಮಾತ್ರ ಹಸಿರು ತೋರಿಸಿ. ಫೈಲಿನ ಹೆಸರು 2025-01-14 ಹೀಗೆ ವರ್ಷದಿಂದ ಶುರುವಾಗಲಿ, ಆಗ ತಾನಾಗೇ ಕ್ರಮದಲ್ಲಿ ಕೂಡುತ್ತವೆ.

ಪೆನ್‌ಡ್ರೈವ್ ಎರಡಿರಲಿ. ಒಂದು ದಿನ ಒಂದು, ಮರುದಿನ ಇನ್ನೊಂದು, ಮತ್ತು ರಾತ್ರಿ ಯಾವುದೂ ಯಂತ್ರದಲ್ಲಿ ಸಿಕ್ಕಿಕೊಂಡಿರಬಾರದು. ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ ಸಿಕ್ಕಿಕೊಂಡಿದ್ದ ಪೆನ್‌ಡ್ರೈವಿಗೂ ಬೀಗ ಬೀಳುತ್ತದೆ. ಮೂರನೆಯ ನಕಲು ಊರಾಚೆ ಇರಲಿ, ಆನ್‌ಲೈನಿನಲ್ಲಿ, ಬೇರೆಯವರು ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿ.

ಇಷ್ಟೆಲ್ಲ ಮಾಡಿಯೂ ಆ ನಕಲಿನಿಂದ ಡೇಟಾ ಮರಳಿ ತಂದು ನೋಡದಿದ್ದರೆ ಅದು ಬ್ಯಾಕಪ್ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಗ ಕೂಡಿಸಲು ಬೇಕಾದ ತಾತ್ಕಾಲಿಕ ತಡೆ ಹಲಗೆಗಳನ್ನು ಅವಸರದಲ್ಲಿ ತಯಾರಿಸಿ, ನೀರು ಹರಿಯುತ್ತಿರುವಾಗಲೇ ಇಳಿಸಬೇಕಾಯಿತು. ನಮ್ಮ ನಾಲ್ಕು ಜಿಲ್ಲೆಯ ರೈತರು ಒಂದು ವಾರ ಉಸಿರು ಬಿಗಿಹಿಡಿದು ಕೂತಿದ್ದರು. ಅಂಥ ಕೆಲಸವನ್ನು ನೀರು ಹರಿಯದಾಗ ಮಾಡಿ ನೋಡುವುದು ಎಷ್ಟೋ ಸುಲಭ. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಬ್ಯಾಕಪ್ಪಿನಿಂದ ಡೇಟಾ ಮರಳಿ ತಂದು ಮೂರು ಅಂಕಿ ತಾಳೆ ನೋಡಿ: ಕೊನೆಯ ಬಿಲ್ ನಂಬರ್, ಆ ದಿನದ ಕಿರ್ದಿ ಮೊತ್ತ, ಅತಿ ದೊಡ್ಡ ಖಾತೆಯ ಬಾಕಿ. ಅರ್ಧ ಗಂಟೆಯ ಕೆಲಸ. ದೀಪಾವಳಿಗೆ ಹೊಸ ಕಿರ್ದಿಗೆ ಪೂಜೆ ಮಾಡುತ್ತಾರಲ್ಲ, ಆ ವಾರ ಒಂದು ಸಲ ಆಗಲಿ. ಅಂಗಡಿಯವರೂ ಕೂತು ನೋಡುತ್ತಾರೆ.

ಕನ್ನಡದ ಅಕ್ಷರಗಳ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಕಷ್ಟಪಡುತ್ತಾರೆ. 'ರಾಯಚೂರು' ಅಂತ ಬರೆಯಿರಿ. ಕಣ್ಣಿಗೆ ನಾಲ್ಕು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡಿಗೆ ಏಳು, ಯಾಕಂದರೆ ಇಳಿ, ಕೊಂಬುಗಳು ಬೇರೆ ಬೇರೆ ಎಣಿಕೆ. ಆ ನಂಬರುಗಳನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಊರಿನ ಹೆಸರಿಗೆ 20 ಬೈಟ್ ಸಾಕು ಅಂತ ಜಾಗ ಕೊಟ್ಟರೆ ಕೊನೆಯ ಕೊಂಬು ಮುರಿದು ಬೀಳುತ್ತದೆ. ರೈತರಿಗೆ ಎಸ್‌ಎಂಎಸ್ ಕಳಿಸುವವರಿಗೆ ಇದು ದುಡ್ಡಿನ ವಿಷಯ: ಇಂಗ್ಲಿಷ್ ಆದರೆ ಒಂದು ಸಂದೇಶಕ್ಕೆ 160 ಚಿಹ್ನೆ, ಕನ್ನಡ ಬಂತೆಂದರೆ 70. ಒಂದೇ ಒಂದು ಕನ್ನಡ ಅಕ್ಷರ ನಡುವೆ ಸೇರಿದರೂ ಇಡೀ ಸಂದೇಶಕ್ಕೆ 70ರ ಲೆಕ್ಕ.

'ಕೊಪ್ಪಳ' ಇನ್ನೂ ಮಜಾ. ಮೊದಲ ಅಕ್ಷರದ ಒತ್ವ ಇದೆಯಲ್ಲ, ಅದನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಅಂತ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ತದ್ರೂಪ. ಯಂತ್ರದ ಕಣ್ಣಿಗೆ ಒಂದು ಆರು ಚಿಹ್ನೆಯ ಪದ, ಇನ್ನೊಂದು ಏಳರದ್ದು. ಒಂದು ಕೀಬೋರ್ಡಿನಿಂದ ಬಂದ ಕೊಪ್ಪಳವನ್ನು ಇನ್ನೊಂದರಿಂದ ಹುಡುಕಿದರೆ 'ಸಿಗಲಿಲ್ಲ' ಅನ್ನುತ್ತದೆ. ಉಳಿಸುವ ಮುಂಚೆ ಒಮ್ಮೆ, ಹುಡುಕುವ ಮುಂಚೆ ಒಮ್ಮೆ ಎನ್‌ಎಫ್‌ಸಿ ಅನ್ನುವ ಯೂನಿಕೋಡಿನ ಒಂದೇ ರೂಪಕ್ಕೆ ತಿರುಗಿಸಿ, ಒಂದು ಸಾಲಿನ ಕೆಲಸ. ನಮ್ಮ 'ಸಾಫ್ಟ್‌ವೇರ್' ಅನ್ನುವ ಪದದೊಳಗೇ ಟಕಾರ ಮತ್ತು ವಕಾರದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿದೆ. ಅದಿಲ್ಲದಿದ್ದರೆ ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ಹುಡುಕುವಾಗ ಇಂಥವನ್ನು ಎರಡೂ ಕಡೆಯಿಂದ ತೆಗೆದು ಹೋಲಿಸಿ, ಆದರೆ ಮೂಲ ಬರಹದಿಂದ ತೆಗೆಯಬೇಡಿ.

ಅಂಕಿಗಳು. ಕೆಲವರು ೧೨೩ ಅಂತ ಕನ್ನಡದಲ್ಲೇ ಹಾಕುತ್ತಾರೆ, ಹಾಕಲಿ. ಪೈಥಾನಿನ 'ಇಂಟ್' ಅದನ್ನು ಸರಿಯಾಗಿ 123 ಅಂತ ಓದುತ್ತದೆ. ಜಾವಾಸ್ಕ್ರಿಪ್ಟಿನ 'ಪಾರ್ಸ್‌ಇಂಟ್' ಸಂಖ್ಯೆಯೇ ಅಲ್ಲ ಅನ್ನುತ್ತದೆ. ಸೊನ್ನೆಯ ಬದಲು ಅನುಸ್ವಾರ ಒತ್ತಿದ ನಮೂದುಗಳೂ ಸಿಗುತ್ತವೆ, ಎರಡೂ ಗುಂಡಗೇ ಇವೆಯಲ್ಲ. ಕನ್ನಡದ ವರದಿಯನ್ನು ಸಿಎಸ್‌ವಿ, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಫೈಲ್, ಮಾಡಿ ಕೊಟ್ಟಾಗ ಎಕ್ಸೆಲ್ಲಿನಲ್ಲಿ ಗಜಿಬಿಜಿ ಬಂದರೆ, ಫೈಲಿನ ಮೊದಲಿಗೆ ಬಿಒಎಂ ಅನ್ನುವ ಮೂರು ಬೈಟಿನ ಗುರುತು ಹಾಕಿ ನೋಡಿ.

ಹೆಸರಿನ ಕಾಗುಣಿತ ಒಂದೇ ಇರುತ್ತದೆ ಅಂತ ನಂಬಬೇಡಿ. ಹನುಮಂತಪ್ಪ, ಹಣಮಂತಪ್ಪ, ಹನಮಂತ ಮೂವರೂ ಒಬ್ಬರೇ ಇರಬಹುದು. ಒಂದೇ ಊರಿನ ಐದು ಬಸವರಾಜರು ಐದು ಜನವೇ ಇರಬಹುದು. ಖಾತೆಗೆ ನಂಬರ್ ಕೊಡಿ, ಪಕ್ಕದಲ್ಲಿ ತಂದೆಯ ಹೆಸರು ಮತ್ತು ಊರು ತೋರಿಸಿ. ಫೋನ್ ನಂಬರನ್ನು ಗುರುತಾಗಿ ಬಳಸಿದರೆ, ಅದು ಬದಲಾದ ದಿನ ಖಾತೆಯೇ ಬದಲಾಗುತ್ತದೆ.

ಹಳೇ ಡೇಟಾ ತರುವವರಿಗೆ ಒಂದು ಮಾತು, ಸ್ವಲ್ಪ ಸುತ್ತಿ ಬರುತ್ತೇನೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ. ಅದರಲ್ಲಿ 'ಅಶೋಕ' ಅನ್ನುವ ಹೆಸರೇ ಇತ್ತು, ಓದಲೂ ಆಯಿತು. ಆದರೆ ಅದೇ ಕಲ್ಲು ನೂರು ವರ್ಷ ಮೊದಲು ಸಿಕ್ಕಿದ್ದರೆ ಯಾರಿಗೂ ಓದಲು ಆಗುತ್ತಿರಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದು 1837ರ ಸುಮಾರಿಗೆ. ಬರಹ ಎರಡು ಸಾವಿರ ವರ್ಷ ಗಟ್ಟಿಯಾಗಿ ಉಳಿದಿತ್ತು, ಓದುವ ಕೀಲಿ ಕಳೆದಿತ್ತು. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳ ಸ್ಥಿತಿ ಇದೇ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅದರ ಮೇಲೆ ಕನ್ನಡದ ತುಂಡುಗಳ ಚಿತ್ರ ಬಿಡಿಸುತ್ತದೆ, ಅಷ್ಟೇ. ಫಾಂಟ್ ತೆಗೆದರೆ ಅರ್ಥವಿಲ್ಲದ ಸಾಲು. ಅದನ್ನು ಪರಿವರ್ತಕದಿಂದ ಯೂನಿಕೋಡ್ ಮಾಡುವಾಗ ಮೂಲ ಫೈಲನ್ನೂ, ಫಾಂಟನ್ನೂ ಜೊತೆಗೇ ಕಟ್ಟಿ ಇಡಿ. ತಪ್ಪುವುದು ಹೆಚ್ಚಾಗಿ ಅರ್ಕಾವತ್ತು, ಎರಡೆರಡು ಒತ್ತು ಬಂದ ಕಡೆ, ಮತ್ತು ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದ ಕಡೆ. ಇಂಗ್ಲಿಷ್ ಪದವನ್ನೂ ಪರಿವರ್ತಕ ಕನ್ನಡದ ಚೂರು ಅಂತಲೇ ತಿಳಿದು ಬದಲಿಸಿಬಿಡುತ್ತದೆ. ನೂರು ಸಾಲು ಆರಿಸಿ ಕಣ್ಣಿಂದ ಓದಿ ನೋಡದೆ ಮುಂದಿನ ಹತ್ತು ಸಾವಿರಕ್ಕೆ ಹೋಗಬೇಡಿ.

ದಿನಾಂಕದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ತರಕಾರಿ ಹರಾಜು ನಡೆಯುವುದು ನಸುಕಿನಲ್ಲಿ. ಬೆಳಗಿನ ನಾಲ್ಕು ಗಂಟೆ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಲೆಕ್ಕದಲ್ಲಿ ಹಿಂದಿನ ದಿನದ ರಾತ್ರಿ ಹತ್ತೂವರೆ. ಸರ್ವರಿನ ದಿನಾಂಕವನ್ನೇ ಬಿಲ್ಲಿನ ದಿನಾಂಕ ಮಾಡಿದರೆ ಐದೂವರೆಗೆ ಮುಂಚಿನ ವ್ಯಾಪಾರವೆಲ್ಲ ನಿನ್ನೆಯ ಕಿರ್ದಿಗೆ ಹೋಗಿ ಕೂಡುತ್ತದೆ. ಏಪ್ರಿಲ್ ಒಂದರಂದು ಹೀಗಾದರೆ ಹೋದ ವರ್ಷದ ಲೆಕ್ಕಕ್ಕೆ. ಬಟ್ಟೆ ಅಂಗಡಿಗೆ ಬರೆದ ಪ್ರೋಗ್ರಾಮಿನಲ್ಲಿ ಈ ತಪ್ಪು ಎಷ್ಟು ವರ್ಷವಾದರೂ ಕಾಣುವುದಿಲ್ಲ, ಅಲ್ಲಿ ಬಾಗಿಲು ತೆರೆಯುವುದೇ ಹತ್ತಕ್ಕೆ. ವ್ಯಾಪಾರದ ದಿನ ಬೇರೆ ಕಾಲಂ, ಬರೆದ ಸಮಯ ಬೇರೆ ಕಾಲಂ.

ಗಿಟ್‌ಗೆ ಬಂದರೆ, ಅದು ಪೂರ್ತಿ ಕಿರ್ದಿಯೇ. ತಪ್ಪು ಕೋಡ್ ಸೇರಿತೇ, 'ರಿವರ್ಟ್' ಮಾಡಿ. ಎದುರು ನಮೂದು ಬಿತ್ತು. 'ರಿಸೆಟ್ ಹಾರ್ಡ್' ಮಾಡಿ 'ಫೋರ್ಸ್ ಪುಶ್' ಮಾಡುವುದು ಹಾಳೆ ಹರಿದ ಹಾಗೆ, ಜೊತೆಗಾರರ ಪ್ರತಿಯಲ್ಲಿ ಆ ಹಾಳೆ ಇನ್ನೂ ಇರುತ್ತದೆ. ಹರಿದೇಬಿಟ್ಟಿದ್ದರೂ ಗಾಬರಿ ಬೇಡ, 'ರಿಫ್ಲಾಗ್' ನೋಡಿ. ಎಲ್ಲಿಗೂ ಸೇರದೆ ಉಳಿದ ಕಮಿಟ್ಟುಗಳ, ಅಂದರೆ ಗಿಟ್‌ನಲ್ಲಿ ಉಳಿಸಿದ ಬದಲಾವಣೆಗಳ, ಗುರುತನ್ನು ನಿಮ್ಮ ಯಂತ್ರ ಸಾಮಾನ್ಯವಾಗಿ 30 ದಿನ ಇಟ್ಟಿರುತ್ತದೆ. ಕಮಿಟ್ ಮಾಡದೆ ಇದ್ದದ್ದು ಹೋದರೆ ಮಾತ್ರ ಹೋಯಿತು. ಅದಕ್ಕೇ ಸಣ್ಣ ಸಣ್ಣ ಕಮಿಟ್ ಅನ್ನುವುದು. ಒಂದು ಕಮಿಟ್ಟಿನಲ್ಲಿ ಬಿಲ್ಲಿನ ದುಂಡು ಲೆಕ್ಕ, ಪರದೆಯ ಬಣ್ಣ, ಪ್ರಿಂಟರಿನ ಅಂಚು ಮೂರೂ ಇದ್ದರೆ, ದುಂಡು ಲೆಕ್ಕ ವಾಪಸ್ ತೆಗೆಯುವಾಗ ಉಳಿದ ಎರಡೂ ಹೋಗುತ್ತವೆ. ಸಣ್ಣದಾಗಿದ್ದರೆ, ಅರ್ಧ ಅರ್ಧ ಮಾಡುತ್ತ ಹುಡುಕುವ 'ಬೈಸೆಕ್ಟ್' ಕೂಡ ಕೆಲಸಕ್ಕೆ ಬರುತ್ತದೆ. ಸಾವಿರ ಕಮಿಟ್ಟಿನೊಳಗೆ ತಪ್ಪು ಯಾವುದರಿಂದ ಅಂತ ಹತ್ತು ಸಲ ಓಡಿಸಿ ನೋಡುವುದರಲ್ಲಿ ಸಿಗುತ್ತದೆ. ಪಾಸ್‌ವರ್ಡ್ ಏನಾದರೂ ಒಳಗೆ ಹೋಯಿತೋ, ರಿವರ್ಟ್ ಉಪಯೋಗಕ್ಕಿಲ್ಲ, ಹಳೇ ಪುಟದಲ್ಲಿ ಅದು ಇದ್ದೇ ಇರುತ್ತದೆ. ಪಾಸ್‌ವರ್ಡನ್ನೇ ಬದಲಿಸಿ.

ಎಐ ಬರೆದುಕೊಟ್ಟ ಕೋಡಿಗೂ ಬೇರೆ ನಿಯಮ ಏನಿಲ್ಲ. ಹೊಸದಾಗಿ ಬಂದ ಗುಮಾಸ್ತ ಬರೆದ ಪುಟ ಅಂತ ಓದಿ. ಚೆನ್ನಾಗಿ ಬರೆಯುತ್ತಾನೆ, ವೇಗವಾಗಿ ಬರೆಯುತ್ತಾನೆ, ಅಂಗಡಿಯ ಪದ್ಧತಿ ಗೊತ್ತಿಲ್ಲ. ದುಡ್ಡನ್ನು ಫ್ಲೋಟಿನಲ್ಲಿ ಇಟ್ಟುಬಿಡುವುದು ಅದರ ಅಭ್ಯಾಸಗಳಲ್ಲೊಂದು.

ಕೆಲಸದ ಹೊತ್ತಿನ ಬಗ್ಗೆ. ಹತ್ತಿ ಬರುವ ನವೆಂಬರಿನಿಂದ ಜನವರಿವರೆಗೆ ಅಂಗಡಿಗೆ ಹೊಸ ಆವೃತ್ತಿ ಹಾಕಬೇಡಿ, ತಪ್ಪು ತಿದ್ದುವುದೊಂದನ್ನು ಬಿಟ್ಟು. ಹಾಕುವ ದಿನ ಹಳೇ ಪ್ರೋಗ್ರಾಂ ಅದೇ ಯಂತ್ರದಲ್ಲಿ ಉಳಿದಿರಲಿ, ಮತ್ತು ಅದು ಹೊಸ ಟೇಬಲ್ಲಿನ ಮೇಲೂ ಓಡಬೇಕು. ಅಂದರೆ ಕಾಲಂ ಸೇರಿಸಬಹುದು, ತೆಗೆಯಬಾರದು, ಹೆಸರು ಬದಲಿಸಬಾರದು. ಬೇಡವಾದ ಕಾಲಂ ಎರಡು ಆವೃತ್ತಿ ಕಳೆದ ಮೇಲೆ ಹೋಗಲಿ. ಶನಿವಾರ ಸಂಜೆ ಹಾಕಿದರೆ ಭಾನುವಾರ ನಿಮ್ಮದಲ್ಲ.

ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಿನಲ್ಲಿ, ಅಂಗಡಿಯ ಡೇಟಾಬೇಸಿಗೆ ನೇರವಾಗಿ 'ಅಪ್‌ಡೇಟ್' ಬರೆಯುವ ಕೆಲಸ ಬಂದೇ ಬರುತ್ತದೆ. ಯಾವ ಸಾಲು ಅಂತ ಹೇಳುವ 'ವೇರ್' ಷರತ್ತು ಮರೆತರೆ ಒಂದು ಖಾತೆಗೆ ಬದಲು ಎಲ್ಲ ಖಾತೆಯೂ ಬದಲಾಗುತ್ತವೆ. ಕ್ರಮ ಹೀಗಿರಲಿ: ಮೊದಲು ಬ್ಯಾಕಪ್. ಆಮೇಲೆ ಅದೇ ಷರತ್ತು ಹಾಕಿ 'ಸೆಲೆಕ್ಟ್', ಎಷ್ಟು ಸಾಲು ಬಂತು ಅಂತ ಎಣಿಸಿ. 'ಬಿಗಿನ್' ಒತ್ತಿ, 'ಅಪ್‌ಡೇಟ್' ಓಡಿಸಿ. ಬದಲಾದ ಸಾಲುಗಳ ಎಣಿಕೆ ಮೊದಲಿನದಕ್ಕೆ ಸಮ ಇದ್ದರೆ 'ಕಮಿಟ್', ಒಂದು ಹೆಚ್ಚು ಕಂಡರೂ 'ರೋಲ್‌ಬ್ಯಾಕ್' ಮಾಡಿ ಮಲಗಿ. ಬೆಳಗ್ಗೆ ಆರಕ್ಕೆ ಎದ್ದು ನೋಡಿದರೆ ತಪ್ಪು ತಾನಾಗಿ ಕಾಣುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ತಲೆ ಓಡುವ ಹೊತ್ತೂ ಅದೇ. ಮಧ್ಯಾಹ್ನ ಎರಡಕ್ಕೆ 42 ಡಿಗ್ರಿಯಲ್ಲಿ ಲ್ಯಾಪ್‌ಟಾಪೇ ಬಿಸಿ ತಾಳದೆ ತನ್ನ ವೇಗ ಇಳಿಸಿಕೊಳ್ಳುತ್ತದೆ. ಆ ಹೊತ್ತನ್ನು ಫೋನಿಗೆ, ಬಿಲ್ ವಸೂಲಿಗೆ, ಇಲ್ಲ ಒಂದು ಗಂಟೆ ನಿದ್ದೆಗೆ ಬಿಡಿ.

ಕೊನೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಕಾಗದದ್ದು. ಇನ್ನೂರು ಪುಟದ್ದಾದರೆ ವರ್ಷ ಪೂರ್ತಿ ಬರುತ್ತದೆ. ಅಂಗಡಿಯಿಂದ ಹೊರಗೆ ಕಾಲಿಡುವ ಮುಂಚೆ, ಬೈಕ್ ಹತ್ತುವ ಮುಂಚೆ, ಅಲ್ಲೇ ನಿಂತು ಬರೆಯಿರಿ. ಮನೆಗೆ ಹೋಗಿ ಬರೆದರೆ ಅರ್ಧ ಮರೆತಿರುತ್ತದೆ. ತಾರೀಖು, ಯಾವ ಅಂಗಡಿ, ಏನು ಬದಲಾಯಿತು, ಹಿಂದಕ್ಕೆ ಹೋಗುವುದು ಹೇಗೆ. ಎರಡು ಸಾಲು ಸಾಕು: "12-11, ಹತ್ತಿ ಅಂಗಡಿ. ಪಟ್ಟಿಯಲ್ಲಿ ತೂಕದ ಕಾಲಂ ಅಗಲ ಮಾಡಿದೆ, ಆವೃತ್ತಿ 3.4.1. ಹಳೇ 3.4.0 ಡಿ ಡ್ರೈವಿನಲ್ಲಿದೆ, ಬ್ಯಾಕಪ್ ಎರಡನೇ ಪೆನ್‌ಡ್ರೈವಿನಲ್ಲಿ. ಯುಪಿಎಸ್ ಎರಡೇ ನಿಮಿಷ ನಿಂತಿತು, ಬ್ಯಾಟರಿ ಬದಲಿಸಲು ಹೇಳಿದೆ."